ಗದಗಿನವರ ಸಾಲ ಹಾವೇರಿಯಲ್ಲಿ ತೀರುತ್ತದಾ?

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು ಕೇಳಿದ್ದರು, ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರು ಅಮೆರಿಕಕ್ಕೆ ಹೋಗಿ ನೆಲೆಸಲು ದಾರಿ ಆದದ್ದು ಯಾವಾಗ ಅಂತ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನಿನಿಂದ ಎಂದು ಬರೆದಿದ್ದೆ. ಅದಕ್ಕೆ ಮೊದಲು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು, ಅಷ್ಟೇ. ಉತ್ತರದ ಕೊನೆಗೆ "ಜಾನ್ಸನ್ ದೊಡ್ಡ ಮನುಷ್ಯ" ಎಂದು ಒಂದು ಮಾತು ಸೇರಿಸಿದ್ದೆ. ಆ ಮೂರು ಶಬ್ದ ಹಿಡಿದುಕೊಂಡು ಪತ್ರಗಳು ಬಂದಿವೆ. ಒಂದೆರಡು ಸಿಟ್ಟಿನವು, ಒಂದು ಮಾತ್ರ ಎರಡು ರಾತ್ರಿ ನನ್ನನ್ನು ಎಚ್ಚರ ಇರಿಸಿದ್ದು. ಈ ಸಲ ಅಂಕಣ ಪೂರ್ತಿ ಆ ಪತ್ರಗಳಿಗೇ.

ಪ್ರಶ್ನೆ: ನನ್ನ ಮಗ ಆಸ್ಟಿನ್‌ನಲ್ಲಿ ಇದ್ದಾನೆ. ನಾವು ಎರಡು ಸಲ ಹೋಗಿ ಬಂದೆವು, ಜಾನ್ಸನ್ ಹೆಸರಿನ ಗ್ರಂಥಾಲಯವನ್ನೂ ನೋಡಿದೆವು. ನೀವು ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿದೆ. ಮಗ ಅಂದ, "ಅಪ್ಪಾ, ಆ ಮನುಷ್ಯ ಹೆಂಡತಿಗೆ ಮೋಸ ಮಾಡಿದವನು, ಕೈಕೆಳಗಿನವರನ್ನು ಹೀನಾಯವಾಗಿ ಕಾಣುತ್ತಿದ್ದವನು, ಸೆನೆಟ್‌ಗೆ ಹೋಗಿದ್ದೇ ಕಳ್ಳ ಓಟಿನಿಂದ." ಇದರಲ್ಲಿ ಎಷ್ಟು ನಿಜ? (ನಿವೃತ್ತ ಎಂಜಿನಿಯರ್, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ನಿಮ್ಮ ಮಗ ಹೇಳಿದ ಮೂರೂ ಮಾತಿಗೆ ಆಧಾರ ಇದೆ.

ಓಟಿನ ವಿಷಯ ಮೊದಲು. 1948ರಲ್ಲಿ ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಗಿನ ಚುನಾವಣೆ ಗೆದ್ದರೆ ಸೀಟು ಗೆದ್ದ ಹಾಗೆಯೇ. ಹತ್ತಿರ ಹತ್ತಿರ 10 ಲಕ್ಷ ಓಟು ಬಿದ್ದಿದ್ದವು, ಜಾನ್ಸನ್ ಗೆದ್ದದ್ದು 87 ಓಟಿನಿಂದ. ಮತದಾನ ಮುಗಿದು ಸುಮಾರು ಒಂದು ವಾರ ಆದಮೇಲೆ ಆಲಿಸ್ ಎಂಬ ಊರಿನ 13ನೇ ಪೆಟ್ಟಿಗೆಯಲ್ಲಿ ಅವರಿಗೆ 200 ಓಟು ಜಾಸ್ತಿ ಬಂದವು. ಪಟ್ಟಿಯ ಕೊನೆಗೆ ಸೇರಿದ್ದ ಹೆಸರುಗಳು ಒಂದೇ ಕೈಬರಹ, ಒಂದೇ ಬಣ್ಣದ ಶಾಯಿ, ಮೇಲಾಗಿ ಅಕ್ಷರ ಕ್ರಮದಲ್ಲಿ. ಓಟು ಹಾಕುವ ಜನ ಅಕ್ಷರ ಕ್ರಮದಲ್ಲಿ ಬರುವುದಿಲ್ಲ.

ಕೈಕೆಳಗಿನವರ ವಿಷಯ. ಶೌಚದ ಕೋಣೆಯಲ್ಲಿ ಕೂತುಕೊಂಡೇ ಸಹಾಯಕರನ್ನು ಒಳಗೆ ಕರೆದು ಕೆಲಸ ಹೇಳುತ್ತಿದ್ದರು. ಬಂದವನು ಮುಖ ಎಲ್ಲಿ ತಿರುಗಿಸಬೇಕು ಗೊತ್ತಾಗದೆ ನಿಲ್ಲಬೇಕು. ಇದು ಸಮಯ ಉಳಿಸುವ ಉಪಾಯ ಅಂತ ನನಗೆ ಅನ್ನಿಸುವುದಿಲ್ಲ, ಎದುರಿಗಿನವನನ್ನು ಕುಗ್ಗಿಸುವ ಉಪಾಯ. ಆಫೀಸಿನ ಹೆಣ್ಣುಮಕ್ಕಳಿಗೆ ದಪ್ಪ ಆಗಿದ್ದೀರಿ, ತೂಕ ಇಳಿಸಿ ಎಂದು ಎಲ್ಲರ ಎದುರು ಹೇಳುತ್ತಿದ್ದರು. ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, ಪತ್ರಿಕಾ ಕಾರ್ಯದರ್ಶಿಯೂ ಆಗಿದ್ದ ಜಾರ್ಜ್ ರೀಡಿ ಮುಂದೆ ಬರೆದರು: ಮನುಷ್ಯನಾಗಿ ನೋಡಿದರೆ ಇವರು ದಬ್ಬಾಳಿಕೆಯ, ಕ್ರೂರ, ಒರಟು ಆಸಾಮಿ. ಹಗೆಯವರು ಹೇಳಿದ ಮಾತಲ್ಲ ಇದು.

ಇನ್ನು ಹೆಂಡತಿ. ಲೇಡಿ ಬರ್ಡ್ ಎಂದು ಜನ ಕರೆಯುತ್ತಿದ್ದ ಆ ಹೆಣ್ಣುಮಗಳು 1934ರಲ್ಲಿ, ಭೇಟಿ ಆಗಿ ಎರಡೂವರೆ ತಿಂಗಳಲ್ಲೇ ಇವರನ್ನು ಮದುವೆ ಆದರು. ತೌರಿನಿಂದ ಬಂದ ದುಡ್ಡು ಹಾಕಿ 1943ರಲ್ಲಿ ಆಸ್ಟಿನ್‌ನ ಒಂದು ಸಣ್ಣ ರೇಡಿಯೋ ಸ್ಟೇಷನ್ ಕೊಂಡರು. ಮನೆತನದ ಶ್ರೀಮಂತಿಕೆ ಬೆಳೆದದ್ದು ಅಲ್ಲಿಂದ. ಗಂಡ ಅತಿಥಿಗಳ ಎದುರೇ ಅವರ ಬಟ್ಟೆ ಸರಿಯಿಲ್ಲ, ನಡಿಗೆ ಸರಿಯಿಲ್ಲ ಎಂದು ಗದರುತ್ತಿದ್ದರು. ಬೇರೆ ಹೆಂಗಸರ ಸಹವಾಸ ಇತ್ತು, ಅದು ಅವರಿಗೆ ಗೊತ್ತಿತ್ತು. ಇಷ್ಟೆಲ್ಲ ಆದಮೇಲೂ 1964ರ ಚುನಾವಣೆಯಲ್ಲಿ, ಗಂಡನ ಹೊಸ ನಾಗರಿಕ ಹಕ್ಕುಗಳ ಕಾನೂನಿನ ಮೇಲೆ ದಕ್ಷಿಣದ ಬಿಳಿಯರು ಬೆಂಕಿಯಾಗಿದ್ದಾಗ, ಇದೇ ಹೆಂಗಸು ರೈಲು ಹತ್ತಿ ನಾಲ್ಕು ದಿನ ಎಂಟು ರಾಜ್ಯ ಸುತ್ತಿ, ಬೈಗುಳದ ನಡುವೆ ನಿಂತು ಭಾಷಣ ಮಾಡಿ ಬಂದರು. ಆ ಸಲ ಜಾನ್ಸನ್‌ಗೆ ಸಿಕ್ಕಿದ್ದು 100ಕ್ಕೆ 61 ಓಟು.

ಹಾಗಾದರೆ ನಾನು ದೊಡ್ಡ ಮನುಷ್ಯ ಅಂದಿದ್ದೇಕೆ? ಒಬ್ಬ ಅಡಿಗೆಯವರ ಕಥೆ ಹೇಳುತ್ತೇನೆ.

ಜೆಫರ್ ರೈಟ್ ಎಂಬ ಕಪ್ಪು ಹೆಂಗಸು ಜಾನ್ಸನ್ ಮನೆಯಲ್ಲಿ 1942ರಿಂದ ಅಡಿಗೆ ಮಾಡುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತಿದವರು. ವಾಷಿಂಗ್ಟನ್‌ನಿಂದ ಟೆಕ್ಸಾಸ್‌ಗೆ ಹೋಗುವಾಗ ಅವರೂ ಅವರ ಗಂಡನೂ ಇನ್ನೊಬ್ಬ ಕೆಲಸದವನೂ ಕಾರು ಓಡಿಸಿಕೊಂಡು ಹೋಗಬೇಕಿತ್ತು. ದಿನಗಟ್ಟಲೆ ದಾರಿ. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಹೋಟೆಲಿಲ್ಲ, ವಸತಿ ಇಲ್ಲ, ಪೆಟ್ರೋಲ್ ಹಾಕಿಸಿದ ಬಂಕಿನಲ್ಲೇ ಶೌಚಕ್ಕೆ ಬಿಡುವುದಿಲ್ಲ. ರಸ್ತೆ ಬಿಟ್ಟು ಪಕ್ಕದ ಹಾದಿಗೆ ಇಳಿದು, ಮರೆ ಹುಡುಕಿ, ಆ ಹೆಂಗಸು ಕೂರಬೇಕಿತ್ತು. ಒಂದು ಸಲ ಜಾನ್ಸನ್ ಮನೆಯ ನಾಯಿಯನ್ನೂ ಕರೆದುಕೊಂಡು ಹೋಗಿ ಅಂದಾಗ ಆ ಕೆಲಸದವನು ತಡೆದು ತಡೆದು ಹೇಳಿದನಂತೆ, ಸಾಹೇಬರೇ, ಕರಿಯರು ಆ ದಾರಿ ದಾಟುವುದೇ ಕಷ್ಟ, ಅದರ ಮೇಲೆ ನಾಯಿ ಬೇಡ.

ಜಾನ್ಸನ್ ಇದನ್ನು ಮರೆಯಲಿಲ್ಲ. ನಾಗರಿಕ ಹಕ್ಕುಗಳ ಮಸೂದೆ ಬಂದಾಗ, ಬೇಡ ಅನ್ನುತ್ತಿದ್ದ ಸೆನೆಟರುಗಳನ್ನು ಹಿಡಿದು ನಿಲ್ಲಿಸಿ, ಮುಖಕ್ಕೆ ಮುಖ ತಾಗುವಷ್ಟು ಬಾಗಿ, ಇದೇ ಕಥೆ ಹೇಳುತ್ತಿದ್ದರು. ದೇಶದ ಉಪಾಧ್ಯಕ್ಷನ ಅಡಿಗೆಯವಳು ರಸ್ತೆ ಬದಿಯಲ್ಲಿ ಕೂರಬೇಕು, ಇದು ಸರಿಯಾ ಎಂದು. ಸೆನೆಟ್‌ನಲ್ಲಿ ದಕ್ಷಿಣದವರು ಸುಮಾರು 60 ದಿನ ಬರೀ ಭಾಷಣ ಮಾಡಿ ಮಸೂದೆಯನ್ನು ತಡೆದು ಇಟ್ಟಿದ್ದರು. ಅದನ್ನು ಮುರಿಯಲು 67 ಓಟು ಬೇಕಿತ್ತು, 71 ಬಂದವು. 1964ರ ಜುಲೈ 2ರಂದು ಸಹಿ ಆಯಿತು. ಹೋಟೆಲು, ವಸತಿ, ಬಂಕು, ಎಲ್ಲ ಕಡೆ ಕರಿಯರಿಗೆ ಬಾಗಿಲು ತೆರೆಯಲೇಬೇಕಾಯಿತು. ಸಹಿ ಹಾಕಿದ ಪೆನ್ನುಗಳಲ್ಲಿ ಒಂದನ್ನು ಜೆಫರ್ ರೈಟ್ ಕೈಗೆ ಕೊಟ್ಟು, ಇದು ಬೇರೆ ಯಾರಿಗಿಂತಲೂ ನಿನಗೆ ಸೇರಬೇಕಾದ್ದು ಎಂದರು.

ಮರು ವರ್ಷ ಓಟಿನ ಹಕ್ಕಿನ ಕಾನೂನು, 1965ರ ಆಗಸ್ಟ್ 6. ಮಿಸಿಸಿಪ್ಪಿ ರಾಜ್ಯದಲ್ಲಿ ಅದಕ್ಕೆ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಕರಿಯರು 100ಕ್ಕೆ 7 ಮಂದಿಯೂ ಇರಲಿಲ್ಲ. 1967ಕ್ಕೆ ಸುಮಾರು 60 ಮಂದಿ. ಕಳ್ಳ ಓಟಿನಿಂದ ಮೇಲೆ ಬಂದ ಮನುಷ್ಯ ಲಕ್ಷಾಂತರ ಜನಕ್ಕೆ ನಿಜವಾದ ಓಟು ಕೊಡಿಸಿದರು.

ಆದರೆ ಕಥೆ ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಮಗ ನನ್ನನ್ನು ಬಿಡುವುದಿಲ್ಲ. ಸೆನೆಟರ್ ಆಗಿದ್ದಾಗ ಅವರ ಕಾರು ಓಡಿಸುತ್ತಿದ್ದ ರಾಬರ್ಟ್ ಪಾರ್ಕರ್ ಎಂಬ ಕರಿಯರು ಮುಂದೆ ಬರೆದಿದ್ದಾರೆ: ಜಾನ್ಸನ್ ತನ್ನನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ಜಾತಿ ಹಿಡಿದು ಬೈಯುವಂಥ ಶಬ್ದದಿಂದಲೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದರೆ ಚೆನ್ನ ಎಂದಾಗ ಸಿಟ್ಟಾಗಿ, ನೀನೊಂದು ಮನೆಯ ಸಾಮಾನು ಅಂದುಕೊಂಡು ಸುಮ್ನಿರು ಎಂದರಂತೆ. ಅಡಿಗೆಯವರ ಕಷ್ಟವನ್ನು ಸೆನೆಟ್ ತನಕ ಹೊತ್ತುಕೊಂಡು ಹೋದವರೂ ಅವರೇ, ಡ್ರೈವರನ ಹೆಸರನ್ನು ಬಾಯಿಗೆ ತರದವರೂ ಅವರೇ.

ಪ್ರಶ್ನೆ: ಜಾನ್ಸನ್ 20 ವರ್ಷ ನಾಗರಿಕ ಹಕ್ಕುಗಳ ವಿರುದ್ಧವೇ ಓಟು ಹಾಕಿದವರು. ಅಧ್ಯಕ್ಷರಾದ ಮೇಲೆ ತಿರುಗಿಬಿಟ್ಟರು. ಇದು ಅವಕಾಶವಾದ ಅಲ್ವಾ ಸರ್? ಒಟ್ಟಿನಲ್ಲಿ ಒಳ್ಳೆಯವರಾ ಕೆಟ್ಟವರಾ? ಪರೀಕ್ಷೆಯಲ್ಲಿ ಕೇಳಿದರೆ ಏನು ಬರೆಯಲಿ? (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ, ಸಪ್ತಾಪುರ, ಧಾರವಾಡ)

ಉತ್ತರ: 1937ರಿಂದ 1957ರ ತನಕ ವಿರೋಧವೇ, ಹೌದು. ಟೆಕ್ಸಾಸ್‌ನ ಬಿಳಿಯರ ಓಟು ಬೇಕಿತ್ತು, ಸೆನೆಟ್‌ನ ದಕ್ಷಿಣದ ಹಿರಿಯರ ಬೆಂಬಲ ಬೇಕಿತ್ತು. ಅವಕಾಶವಾದ ಅಂತ ಧಾರಾಳವಾಗಿ ಬರೆಯಿರಿ.

ಜೊತೆಗೆ ಇದನ್ನೂ ಬರೆಯಿರಿ. 1928ರಲ್ಲಿ, 20 ವರ್ಷದ ಹುಡುಗ ಇದ್ದಾಗ, ಕಾಲೇಜಿನ ಖರ್ಚಿಗೆಂದು ಕೊಟುಲಾ ಎಂಬ ಊರಿನ ಮೆಕ್ಸಿಕನ್ ಮಕ್ಕಳ ಶಾಲೆಯಲ್ಲಿ ಅವರು ಮಾಸ್ತರಿಕೆ ಮಾಡಿದ್ದರು. ಮಕ್ಕಳು ಬೆಳಗಿನ ಹೊತ್ತು ಬರಿ ಹೊಟ್ಟೆಯಲ್ಲಿ ಬರುತ್ತಿದ್ದರು. ಮೊದಲ ಪಗಾರದಲ್ಲಿ ಆ ಮಕ್ಕಳಿಗೆ ಆಟದ ಸಾಮಾನು ಕೊಂಡು ತಂದರು. 37 ವರ್ಷ ಕಳೆದ ಮೇಲೆ, 1965ರ ಮಾರ್ಚ್ 15ರಂದು, ಓಟಿನ ಹಕ್ಕು ಕೇಳಿ ಇಡೀ ಸಂಸತ್ತಿನ ಎದುರು ಮಾತಾಡುವಾಗ ಆ ಮಕ್ಕಳ ಮುಖ ನೆನೆದರು. ಅಂದು ಕೈಯಲ್ಲಿ ಏನೂ ಇರಲಿಲ್ಲ, ಇವತ್ತು ಅಧಿಕಾರ ಇದೆ, ಅದನ್ನು ಬಳಸಿಯೇ ತೀರುತ್ತೇನೆ ಎಂಬ ಅರ್ಥದಲ್ಲಿ ಮಾತಾಡಿದರು. ಹೀಗಾಗಿ ಕರುಣೆ ಹೊಸದಾಗಿ ಹುಟ್ಟಿದ್ದಲ್ಲ ಅಂತ ನನ್ನ ಅನಿಸಿಕೆ. ಅದು ಮೊದಲಿನಿಂದ ಇತ್ತು, ಅದರ ಮೇಲೆ ಅಧಿಕಾರದ ಆಸೆ ಕೂತಿತ್ತು. ಅಧಿಕಾರ ಪೂರ್ತಿ ಕೈಗೆ ಬಂದ ಮೇಲೆ ಕರುಣೆಗೆ ಜಾಗ ಆಯಿತು. ನಡುವೆ ಹೋದ 20 ವರ್ಷ ಮಾತ್ರ ಯಾರಿಗೂ ವಾಪಸ್ ಬರಲಿಲ್ಲ.

ಈಗ "ಒಟ್ಟಿನಲ್ಲಿ" ಎಂಬ ಮಾತು. ಇಲ್ಲೇ ನನಗೆ ತಕರಾರು ಇದೆ ತಮ್ಮಾ, ಸ್ವಲ್ಪ ಹೊತ್ತು ಕೂತು ಕೇಳು.

ನನ್ನ ಕಾಕಾ ಹುಬ್ಬಳ್ಳಿಯ ಒಂದು ದಲಾಲಿ ಅಂಗಡಿಯಲ್ಲಿ ದಿವಾಣಜಿ ಆಗಿದ್ದರು. ಸೂಟಿಯಲ್ಲಿ ನಾನು ಅವರ ಪಕ್ಕ ಗಾದಿ ಮೇಲೆ ಕೂತು ನೋಡುತ್ತಿದ್ದೆ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಒಬ್ಬೊಬ್ಬ ರೈತನಿಗೆ ಒಂದೊಂದು ಪುಟ. ಒಂದು ದಿನ ಹೊಸದಾಗಿ ಬಂದ ಹುಡುಗ ಗದಗಿನ ರೈತನಿಗೆ ಕೊಡಬೇಕಾದ ದುಡ್ಡನ್ನು ಹಾವೇರಿಯ ರೈತನ ಪುಟದಲ್ಲಿ ಜಮಾ ಮಾಡಿಬಿಟ್ಟ. ತಪ್ಪು ಸಿಕ್ಕಾಗ, "ಒಟ್ಟು ಲೆಕ್ಕ ಸರಿ ಬರುತ್ತದಲ್ಲ ಕಾಕಾ" ಅಂದ. ಕಾಕಾ ಪುಸ್ತಕ ತಿರುಗಿಸಿ ಗದಗಿನವನ ಪುಟದ ಮೇಲೆ ಬೆರಳಿಟ್ಟರು. "ಇವನ ಮನಿಗೆ ಹೋಗಿ ಹೇಳಿ ಬಾ, ನಿನ್ನ ಬಾಕಿ ಹಾವೇರ್‍ಯಾಗ ತೀರೇತಿ ಅಂತ."

ಜಾನ್ಸನ್ ಮಿಸಿಸಿಪ್ಪಿಯ ಮತದಾರನಿಗೆ ಕೊಟ್ಟದ್ದು ಆ ಮತದಾರನ ಪುಟದಲ್ಲಿ ಜಮಾ. ಡ್ರೈವರ್ ಪಾರ್ಕರ್ ಅವರ ಪುಟದಲ್ಲಿ ಅದು ಜಮಾ ಆಗುವುದಿಲ್ಲ. ಲೇಡಿ ಬರ್ಡ್ ಅವರ ಪುಟದಲ್ಲಂತೂ ಅಲ್ಲವೇ ಅಲ್ಲ. ಒಳಿತು ಸಿಕ್ಕವರು ಬೇರೆ, ನೋವು ತಿಂದವರು ಬೇರೆ. ಕೂಡಿಸಿ ಕಳೆದು ಕೊನೆಗೆ ಒಂದು ಅಂಕಿ ತೆಗೆಯಲು ಬರುವುದಿಲ್ಲ. ತಿರುಗಿ ನೋಡಿದರೂ ಇದೇ ಮಾತು: ಹೆಂಡತಿಗೆ ಮೋಸ ಮಾಡಿದ ಅಂತ ಹೇಳಿ ಮಿಸಿಸಿಪ್ಪಿಯವನ ಓಟನ್ನು ಕಮ್ಮಿ ಎಣಿಸಲಾಗುವುದಿಲ್ಲ. ಅವನು ಆ ಓಟಿಗಾಗಿ ಲಾಠಿ ಏಟು ತಿಂದವನು.

ಪರೀಕ್ಷೆಯಲ್ಲಿ ಎರಡು ಪ್ಯಾರಾ ಬರೆ. ಎರಡನ್ನೂ ಪೂರ್ತಿ ಬರೆ. ನಡುವೆ "ಆದರೂ" ಎಂಬ ಶಬ್ದ ಮಾತ್ರ ಹಾಕಬೇಡ.

ಪ್ರಶ್ನೆ: ವಿಯೆಟ್ನಾಂ ಬಗ್ಗೆ ಒಂದು ಸಾಲೂ ಬರೆಯದೆ ಜಾನ್ಸನ್ ದೊಡ್ಡವರು ಅಂದಿರಲ್ಲ? (ಮಾಜಿ ಸೈನಿಕ, ಧಾರವಾಡ ತಾಲ್ಲೂಕು)

ಉತ್ತರ: ನೀವು ಬೈದದ್ದು ಸರಿಯಾಗಿದೆ. ಅದು ನನ್ನ ತಪ್ಪು.

ಜಾನ್ಸನ್ ತಮ್ಮ ಫೋನ್ ಮಾತುಗಳನ್ನು ಗುಟ್ಟಾಗಿ ಟೇಪ್ ಮಾಡಿಸುತ್ತಿದ್ದರು. 1964ರ ಮೇ 27ರ ಒಂದು ಟೇಪ್ ಇದೆ. ರಾಷ್ಟ್ರೀಯ ಭದ್ರತಾ ಸಲಹೆಗಾರ ಬಂಡಿ ಅವರ ಜೊತೆ ಮಾತು. ಈ ಯುದ್ಧ ಮಾಡುವಷ್ಟು ಬೆಲೆಯದ್ದಲ್ಲ ಅಂತ ನನಗೆ ಅನ್ನಿಸುತ್ತದೆ, ಹೊರಗೆ ಬರಲೂ ಆಗುವುದಿಲ್ಲ ಅನ್ನಿಸುತ್ತದೆ ಎಂದು ಅವರೇ ಹೇಳುತ್ತಾರೆ. ಬೆಳಿಗ್ಗೆ ತಮ್ಮ ಬಳಿ ಕೆಲಸ ಮಾಡುವ ಸಾರ್ಜೆಂಟನ್ನು ನೋಡಿದೆ, ಅವನಿಗೆ ಆರು ಸಣ್ಣ ಮಕ್ಕಳು, ಅವನನ್ನು ಅಲ್ಲಿಗೆ ಯಾತಕ್ಕಾಗಿ ಕಳಿಸಲಿ ಎಂದು ಕೇಳುತ್ತಾರೆ. ಇದು ಮೇ ತಿಂಗಳ ಮಾತು. ಆಗಸ್ಟ್‌ನಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ನಡೆಯಿತು ಎಂದ ಎರಡನೇ ದಾಳಿಯ ಹೆಸರಿನಲ್ಲಿ ಸಂಸತ್ತಿನಿಂದ ಯುದ್ಧದ ಅಧಿಕಾರ ತೆಗೆದುಕೊಂಡರು. ಆ ಎರಡನೇ ದಾಳಿ ನಡೆದೇ ಇರಲಿಲ್ಲ ಎಂಬುದು ಈಗ ಬಹುತೇಕ ಎಲ್ಲರೂ ಒಪ್ಪಿದ ಮಾತು. 1963ರ ಕೊನೆಗೆ ಅಲ್ಲಿದ್ದ ಅಮೆರಿಕನ್ ಸೈನಿಕರು ಸುಮಾರು 16,000. 1968ರ ಹೊತ್ತಿಗೆ 5 ಲಕ್ಷ ದಾಟಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಸತ್ತ ಅಮೆರಿಕನ್ನರು 58,000ಕ್ಕೂ ಜಾಸ್ತಿ, ವಿಯೆಟ್ನಾಂ ಜನ ಹಲವು ಲಕ್ಷ.

ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಒಂದು ಮಾತು. ಇವರಿಗೆ ಗೊತ್ತಿತ್ತು. ಸೋತ ಅಧ್ಯಕ್ಷ ಅನ್ನಿಸಿಕೊಳ್ಳುವ ಹೆದರಿಕೆ ಆ ಆರು ಮಕ್ಕಳ ತಂದೆಯ ಜೀವಕ್ಕಿಂತ ದೊಡ್ಡದಾಯಿತು. ಜನ ಇವರ ಹೆಂಗಸರ ವಿಷಯವನ್ನೇ ಬಾಯಿ ಚಪ್ಪರಿಸಿ ಮಾತಾಡುತ್ತಾರೆ. ನನ್ನನ್ನು ಕೇಳಿದರೆ, ಆ ಮನುಷ್ಯನ ಒಳಗಿನ ಅತಿ ದೊಡ್ಡ ಸೋಲು ಆ ಟೇಪಿನಲ್ಲಿ ಇದೆ.

ಪ್ರಶ್ನೆ: ಹೊಲದ ಬದುವಿನ ತುಂಬ ಕಾಂಗ್ರೆಸ್ ಕಸ. ಕಿತ್ತು ಕಿತ್ತು ಕೈ ತುರಿಸಿ ಗಾಯ ಆಗಿದೆ. ಇದು ಜಾನ್ಸನ್ ಕಳಿಸಿದ ಗೋದಿಯ ಜೊತೆ ಬಂದ ಪಿಡುಗು ಎಂದು ನಮ್ಮ ಮುತ್ಯಾ ಹೇಳುತ್ತಿದ್ದ. ಖರೇನಾ? (ರೈತ, ಸವಣೂರು ಹತ್ತಿರ, ಹಾವೇರಿ ಜಿಲ್ಲೆ)

ಉತ್ತರ: ಅಮೆರಿಕದ ಕಾಳಿನ ಜೊತೆ ಬಂತು ಎಂಬ ಮಾತು ಎಲ್ಲ ಕಡೆ ಇದೆ. ಜಾನ್ಸನ್ ಹೆಸರು ಮಾತ್ರ ಅದಕ್ಕೆ ಹೊಂದುವುದಿಲ್ಲ. ಈ ಕಸವನ್ನು ಪುಣೆಯಲ್ಲಿ ಗುರುತಿಸಿದ್ದು 1950ರ ದಶಕದ ನಡುವೆ. ಜಾನ್ಸನ್ ಅಧ್ಯಕ್ಷರಾದದ್ದು 1963ರ ನವೆಂಬರ್ 22ರಂದು, ಕೆನಡಿ ಹತ್ಯೆಯಾದ ದಿನ. ಅಷ್ಟು ಹೊತ್ತಿಗೆ ಕಸ ಬೇರು ಬಿಟ್ಟಾಗಿತ್ತು. ಕೀಳುವಾಗ ಕೈಗೆ ಚೀಲ ಸುತ್ತಿಕೊಳ್ಳಿ, ಹೂ ಬಿಡುವ ಮೊದಲೇ ಕೀಳಿ.

ಆದರೆ ನಿಮ್ಮ ಮುತ್ಯಾ ಸುಮ್ನೆ ಆ ಹೆಸರು ಹೇಳಿಲ್ಲ. 1965ರಲ್ಲೂ 1966ರಲ್ಲೂ ಮಳೆ ಕೈಕೊಟ್ಟಿತು. ಅಮೆರಿಕದ ಗೋದಿ 1954ರ ಪಿ.ಎಲ್. 480 ಕಾನೂನಿನ ಅಡಿ ಬರುತ್ತಿತ್ತು. ಜಾನ್ಸನ್ ಅದನ್ನು ವರ್ಷದ ಲೆಕ್ಕದಲ್ಲಿ ಕೊಡುವುದು ನಿಲ್ಲಿಸಿ, ತಿಂಗಳು ತಿಂಗಳಿಗೆ ತಾವೇ ನೋಡಿ ಬಿಡುಗಡೆ ಮಾಡತೊಡಗಿದರು. ನಮ್ಮ ಸರ್ಕಾರ ಬೇಸಾಯಕ್ಕೆ ದುಡ್ಡು ಹಾಕಲಿ ಎಂಬುದು ಒಂದು ಕಾರಣ. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಭಾರತ ಟೀಕಿಸುತ್ತದೆ ಎಂಬ ಸಿಟ್ಟು ಇನ್ನೊಂದು. ಭಾರತದಲ್ಲಿ ಎಲ್ಲಿ ಎಷ್ಟು ಮಳೆ ಆಯಿತು ಎಂದು ವಾಷಿಂಗ್ಟನ್‌ನಲ್ಲಿ ಕೂತು ನಕ್ಷೆ ನೋಡುತ್ತಿದ್ದರು. ಹಡಗು ಬಂದರೆ ಊಟ, ಇಲ್ಲದಿದ್ದರೆ ಇಲ್ಲ, ಅಂಥ ಸ್ಥಿತಿ.

ಆಗ ನನಗೆ ಎಂಟು ವರ್ಷ. ರೇಷನ್ ಅಂಗಡಿ ಮುಂದೆ ಚೀಲ ಸಾಲಿಗೆ ಇಟ್ಟು ಕಾಯುವುದು ನನ್ನ ಕೆಲಸ. ಗೋದಿ ಜೊತೆಗೆ ಮೈಲೋ ಎಂಬ ಕೆಂಪು ಜೋಳವೂ ಬರುತ್ತಿತ್ತು. ಅವ್ವ ಎಸರು ಇಟ್ಟು, ಹಿಟ್ಟು ಕಲಸಿ, ಬಡಿಯಲು ಕೂತರೆ ರೊಟ್ಟಿ ಅಂಚಿನಿಂದ ಬಿರಿಯುತ್ತ ಬರುತ್ತಿತ್ತು. ಆ ಜೋಳಕ್ಕೆ ಜಿಗಿ ಇರಲಿಲ್ಲ. ಅಂಗೈಯಷ್ಟು ಅಗಲ ಆಗುವಷ್ಟರಲ್ಲಿ ಎರಡು ತುಂಡು. ಅವ್ವ ತುಂಡುಗಳನ್ನೇ ಹಂಚಿನ ಮೇಲೆ ಹಾಕಿ, ನೀರು ಸವರಿ ಕೂಡಿಸಲು ನೋಡುತ್ತಿದ್ದಳು. ಜೀವನವಿಡೀ ತಿಂಗಳ ಹುಣ್ಣಿಮೆಯಂಥ ರೊಟ್ಟಿ ಬಡಿದವಳು, ಆ ತುಂಡುಗಳನ್ನು ನಮ್ಮ ತಾಟಿಗೆ ಹಾಕುವಾಗ ಮುಖ ಎತ್ತುತ್ತಿರಲಿಲ್ಲ.

ಆ ಗೋದಿ, ಆ ಜೋಳ ಬಾರದೇ ಇದ್ದಿದ್ದರೆ ದೇಶದಲ್ಲಿ ಬಹಳ ಜನ ಸಾಯುತ್ತಿದ್ದರು. ಕೊಟ್ಟ ಕೈ ದೊಡ್ಡದು. ತಿಂಗಳು ತಿಂಗಳು ಸತಾಯಿಸಿ ಕೊಟ್ಟದ್ದು ಸಣ್ಣದು. ಅದೇ ಸತಾಯಿಸುವಿಕೆ ನಮ್ಮನ್ನು ಎಬ್ಬಿಸಿತು ಎಂದು ಹೇಳುವವರಿದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ಆಗಲೇ ಹೊಸ ಬೀಜದ ಬೆನ್ನು ಹತ್ತಿದ್ದರು, 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋದಿ ಬೀಜ ತರಿಸಿದರು.

ಪ್ರಶ್ನೆ: (ಗದಗ ಜಿಲ್ಲೆಯ ಒಬ್ಬ ಸೊಸೆ ಬರೆದದ್ದು. ಊರು, ಹೆಸರು ಬೇಡ ಎಂದಿದ್ದಾರೆ. ಪತ್ರ ಚಿಕ್ಕದು ಮಾಡಿದ್ದೇನೆ.) ನಮ್ಮ ಮಾವನವರು ಊರಿಗೆ ಹೈಸ್ಕೂಲು ತಂದವರು. ಸೊಸೈಟಿ ಕಟ್ಟಿದರು, ಬರಗಾಲದಲ್ಲಿ ಕೆರೆ ಹೂಳು ತೆಗೆಸಿದರು. ಮನೆಯಲ್ಲಿ ಮಾತ್ರ ಅತ್ತೆಯವರ ಹೆಸರು ಹಿಡಿದು ಒಂದು ದಿನ ಕರೆಯಲಿಲ್ಲ. ಉಪ್ಪು ಹೆಚ್ಚು ಕಮ್ಮಿ ಆದರೆ ತಾಟು ಅಂಗಳಕ್ಕೆ ಬೀಳುತ್ತಿತ್ತು. ಕೈ ಕೂಡ ಮಾಡಿದ್ದಾರೆ. ಈಗ ಊರವರು ಅವರ ಮೂರ್ತಿ ಇಡುತ್ತಿದ್ದಾರೆ. ಅತ್ತೆಯವರನ್ನು ವೇದಿಕೆ ಮೇಲೆ ಕೂರಿಸುತ್ತಾರಂತೆ, ನನಗೆ ಮನೆಯವರ ಪರವಾಗಿ ನಾಲ್ಕು ಮಾತು ಆಡಲು ಹೇಳಿದ್ದಾರೆ. ನಿಮ್ಮ ಜಾನ್ಸನ್ ಬಗ್ಗೆ ಓದಿದಾಗ ನಮ್ಮ ಮಾವನೇ ಕಣ್ಣ ಮುಂದೆ ಬಂದರು. ನಾನು ಏನು ಹೇಳಲಿ?

ಉತ್ತರ: ತಂಗೀ, ನನ್ನ ಎಚ್ಚರ ಇರಿಸಿದ ಪತ್ರ ನಿಮ್ಮದು.

ನನ್ನ ಅಪ್ಪನೂ ಹೀಗೇ ಇದ್ದರು. ಓಣಿಯಲ್ಲಿ ಯಾರ ಮನೆಯಲ್ಲಿ ಜಗಳ ಆದರೂ ಅಪ್ಪ ಬೇಕು, ಯಾರ ಮಗಳ ಮದುವೆಗೆ ಸಾಲದಿದ್ದರೂ ಅಪ್ಪ ಬೇಕು. ಮನೆಗೆ ಬಂದರೆ ಅವ್ವನ ಜೊತೆ ಅವರ ಮಾತು ಬರೀ ಬೈಗುಳ. ಅವರು ತೀರಿಕೊಂಡ ಮೇಲೆ ಶ್ರದ್ಧಾಂಜಲಿ ಸಭೆ ಇಟ್ಟರು. ನಾನು ಮಾತಾಡಿದೆ. ಮಾತಿನ ಭರದಲ್ಲಿ, "ಹೊರಗೆ ಹೇಗೋ ಮನೆಯಲ್ಲೂ ಹಾಗೇ ಇದ್ದರು" ಅಂದುಬಿಟ್ಟೆ. ಮುಂದಿನ ಸಾಲಿನಲ್ಲಿ ಅವ್ವ ಕೂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ರಾತ್ರಿ ತಾಟು ಇಡುವಾಗ, "ಭಾಳ ಚಲೋ ಮಾತಾಡಿದಿ" ಅಂದಳು, ಒಳಗೆ ಹೋದಳು. 19 ವರ್ಷ ಆಯಿತು. ಆ ಸಭೆಯಲ್ಲಿ ಅವ್ವನಿಗೆ ಇದ್ದದ್ದು ನಾನೊಬ್ಬನೇ ಸಾಕ್ಷಿ, ನಾನೂ ಅಪ್ಪನ ಕಡೆ ಸಾಕ್ಷಿ ಹೇಳಿಬಿಟ್ಟೆ.

ಅದಕ್ಕೇ ಮೊದಲು ಬೇಡ ಅನ್ನುವುದನ್ನು ಹೇಳುತ್ತೇನೆ: ನಾನು ಆಡಿದ ಆ ಮಾತನ್ನು ನೀವು ಆಡಬೇಡಿ. ಮನೆಯಲ್ಲಿ ದೇವರಂತಿದ್ದರು, ಅತ್ತೆಯವರನ್ನು ಕಣ್ಣಿನ ಹಾಗೆ ನೋಡಿಕೊಂಡರು, ಇಂಥ ಒಂದು ಸಾಲೂ ಬೇಡ. ಯಾರು ಎಷ್ಟೇ ಒತ್ತಾಯ ಮಾಡಲಿ.

ಮೈಕಿನಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಿ ಅಂತಲೂ ನಾನು ಹೇಳುವುದಿಲ್ಲ. ಮಾವನ ಮಾನ ಉಳಿಸಲು ಅಲ್ಲ. ಆ ನೋವು ಅತ್ತೆಯವರದು. ಹೇಳುವುದೋ ಬಿಡುವುದೋ ಅವರೇ ತೀರ್ಮಾನ ಮಾಡಬೇಕು. ಲೇಡಿ ಬರ್ಡ್ ಗಂಡ ಸತ್ತ ಮೇಲೆ 34 ವರ್ಷ ಬದುಕಿದ್ದರು. ಗಂಡನ ಹೆಂಗಸರ ಬಗ್ಗೆ ಕೇಳಿದರೆ, ಅವರು ಎಲ್ಲ ಜನರನ್ನೂ ಪ್ರೀತಿಸುತ್ತಿದ್ದರು, ಜನರಲ್ಲಿ ಅರ್ಧ ಹೆಂಗಸರೇ ಅಲ್ಲವಾ ಎಂಬ ಅರ್ಥದ ಮಾತು ಹೇಳಿ ಮುಗಿಸುತ್ತಿದ್ದರು. ಆ ಮಾತಿನ ಹಿಂದೆ ಎಷ್ಟು ನುಂಗಿಕೊಂಡಿದ್ದರೋ. ಆದರೂ ಎಷ್ಟು ಹೇಳಬೇಕು ಎಂಬುದನ್ನು ಅವರೇ ಆರಿಸಿಕೊಂಡರು. ನಿಮ್ಮ ಅತ್ತೆಯವರಿಗೂ ಆ ಅವಕಾಶ ಕೊಡಿ. ಸಮಾರಂಭಕ್ಕೆ ಮೊದಲು ಒಂದು ಮಧ್ಯಾಹ್ನ, ಮನೆಯಲ್ಲಿ ಗಂಡಸರು ಇಲ್ಲದ ಹೊತ್ತಿನಲ್ಲಿ, ಪಕ್ಕ ಕೂತು ಕೇಳಿ: "ಅತ್ತಿ, ನಾ ಏನ ಹೇಳ್ಲಿ? ನಿಮಗ ಅಲ್ಲಿ ಕೂಡಬೇಕಂತ ಅನಸ್ತದ?" ಬೇಡ ಅಂದರೆ, ಮೈಯಲ್ಲಿ ಹುಷಾರಿಲ್ಲ ಅಂತ ಹೇಳಿ ಅವರನ್ನು ಮನೆಯಲ್ಲೇ ಬಿಡಿ. ಯಜಮಾನರು ಸಿಟ್ಟಾದರೆ ಆಗಲಿ.

ಅವರು ಹೂಂ ಅಂದರೆ, ಶಾಲೆಯ ಮಾತು ಪೂರ್ತಿ ಆಡಿ, ಜಿಪುಣತನ ಬೇಡ. ಆ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಅದು ಸತ್ಯ. ಆಮೇಲೆ ಅತ್ತೆಯವರ ಕಡೆ ತಿರುಗಿ ಅವರ ಹೆಸರು ಹೇಳಿ. ಪೂರ್ತಿ ಹೆಸರು. ಶಾಲೆಗಾಗಿ ಮನೆಗೆ ಬಂದ ಪಂಚರಿಗೆ, ಕೆರೆ ಕೆಲಸದ ಆಳುಗಳಿಗೆ, ಹೊತ್ತಿಲ್ಲದ ಹೊತ್ತಿನಲ್ಲಿ ಬಂದ ಅಧಿಕಾರಿಗಳಿಗೆ ರೊಟ್ಟಿ ಬಡಿದವರು ಇವರು ಎಂದು ಹೇಳಿ. ಅಷ್ಟು ವರ್ಷ ಆ ಮನೆಯಲ್ಲಿ ಯಾರೂ ಕರೆಯದ ಹೆಸರನ್ನು ಊರೆಲ್ಲ ಕೇಳುವ ಹಾಗೆ ಒಂದು ಸಲ ಹೇಳಿ. ಸಮಾರಂಭ ಆದಮೇಲೆ ನನಗೆ ಬರೆಯಿರಿ ತಂಗೀ, ಅಚ್ಚು ಹಾಕುವುದಿಲ್ಲ. ನನಗೆ ಗೊತ್ತಾಗಬೇಕು.

ಪ್ರಶ್ನೆ: ಜಾನ್ಸನ್‌ಗೆ ಕೊನೆಗೆ ಪಶ್ಚಾತ್ತಾಪ ಆಯಿತಾ? (ಕಾಲೇಜು ವಿದ್ಯಾರ್ಥಿನಿ, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಒಳಗಿನದು ಯಾರಿಗೆ ಕಾಣುತ್ತದೆ ಮಗಾ. ನಡೆದದ್ದು ಹೇಳುತ್ತೇನೆ. 1968ರ ಮಾರ್ಚ್ 31ರ ರಾತ್ರಿ ಟಿವಿಯಲ್ಲಿ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದರು. ಊರಿಗೆ ಹೋಗಿ ಹೊಲ, ದನಕರು ನೋಡಿಕೊಂಡು ಇದ್ದರು. ಕೂದಲು ಹೆಗಲ ತನಕ ಬಿಟ್ಟರು, ಹೃದಯಾಘಾತ ಆದಮೇಲೆ ಬಿಟ್ಟಿದ್ದ ಸಿಗರೇಟು ಮತ್ತೆ ಹಚ್ಚಿದರು. 1972ರ ಡಿಸೆಂಬರ್‌ನಲ್ಲಿ ಆಸ್ಟಿನ್‌ನ ಅದೇ ಗ್ರಂಥಾಲಯದಲ್ಲಿ ನಾಗರಿಕ ಹಕ್ಕುಗಳ ಸಭೆ ಆಯಿತು. ಡಾಕ್ಟರು ಬೇಡ ಅಂದರೂ ಬಂದರು. ಮಾತಿನ ನಡುವೆ ಎದೆ ನೋವು ಬಂದು, ಎಲ್ಲರ ಎದುರೇ ಗುಳಿಗೆ ಬಾಯಿಗೆ ಹಾಕಿಕೊಂಡರು. ಅಷ್ಟು ವರ್ಷ ಅಧಿಕಾರ ಇದ್ದೂ ಇನ್ನೂ ಜಾಸ್ತಿ ಮಾಡಲಾಗಲಿಲ್ಲ, ನಾಚಿಕೆ ಆಗುತ್ತದೆ ಎಂಬ ಮಾತು ಹೇಳಿದರು.

1973ರ ಜನವರಿ 22ರ ಮಧ್ಯಾಹ್ನ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ಒಬ್ಬರೇ ಇದ್ದಾಗ ಎದೆ ನೋವು ಬಂತು. ಫೋನ್ ಎತ್ತಿ ಕಾವಲಿನವರನ್ನು ಕರೆದರು. ಅವರು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಲೇಡಿ ಬರ್ಡ್ ಆಗ ಆಸ್ಟಿನ್‌ನಲ್ಲಿ ಇದ್ದರು. ಅದಾಗಿ ಐದು ದಿನಕ್ಕೆ, ಜನವರಿ 27ರಂದು, ವಿಯೆಟ್ನಾಂ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಪ್ಯಾರಿಸ್‌ನಲ್ಲಿ ಸಹಿ ಬಿತ್ತು.